ತೂರಾಟದ ಮನೆತನ

ಭೂಮಿಯ ಮೇಲೆ ನೆಟ್ಟಗೆ ನಡೆಯುವವರಿಗೆ ಲೆಕ್ಕವಿಲ್ಲ. ಸೊಟ್ಟಗೆ ನಡೆದು ಹೆಸರು ಮಾಡಿದ ಮನೆತನ ಮಾತ್ರ ಒಂದೇ ಒಂದು: ಆ ಸರ್ಕಸ್ಸಿನ ಜೋಕರ್ ಮನೆತನ. ಅವರ ಅಜ್ಜ ಕಣಕ್ಕೆ ಕಾಲಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂರಾಡಿದನೆಂದರೆ ಮುಂದಿನ ಸಾಲಿನವರು ನಕ್ಕು ನಕ್ಕು ಕುರ್ಚಿಯಿಂದ ಬೀಳುತ್ತಿದ್ದರು. ಅವರು ಬಿದ್ದದ್ದು ನೋಡಿ ಹಿಂದಿನ ಸಾಲಿನವರು ಬೀಳುತ್ತಿದ್ದರು. ಹೀಗೇ ಸಾಲು ಸಾಲಾಗಿ ಬಿದ್ದು, ಟಿಕೆಟ್ ಸಿಗದೆ ಡೇರೆಯ ಹೊರಗೆ ನಿಂತವನೂ ಮರ್ಯಾದೆಗೆಂದು ಒಮ್ಮೆ ಬೀಳುತ್ತಿದ್ದ. ಮಗ ಅಪ್ಪನನ್ನೂ ಮೀರಿಸಿದ. ಅವನು ತೂರಾಡುವಾಗ ಕೈ ಒಂದು ದಿಕ್ಕಿಗೆ, ಕಾಲು ಇನ್ನೊಂದು ದಿಕ್ಕಿಗೆ, ಹುಬ್ಬು ಮತ್ತೊಂದು ದಿಕ್ಕಿಗೆ ಹೊರಟುಹೋಗುತ್ತಿದ್ದವು. ಅವೆಲ್ಲ ಆಮೇಲೆ ಒಂದೇ ಮೈಗೆ ಹೇಗೆ ವಾಪಸು ಬಂದು ಸೇರುತ್ತಿದ್ದವೋ, ಕಂಡವರಿಲ್ಲ.

ಈ ವಿದ್ಯೆಯನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ. ಅದು ತಾನಾಗಿ ಇಳಿಯುತ್ತಿತ್ತು. ವಯಸ್ಸು ನಲವತ್ತರ ಹತ್ತಿರ ಬಂದಾಗ ಒಂದು ಬೆಳಿಗ್ಗೆ, ಹಲ್ಲುಜ್ಜುವಾಗಲೋ ಗುಂಡಿ ಹಾಕಿಕೊಳ್ಳುವಾಗಲೋ, ಬೆರಳೊಂದು ಕೇಳದೆಯೇ ಕುಣಿಯುತ್ತಿತ್ತು. ಆಮೇಲೆ ಭುಜ, ಆಮೇಲೆ ಕಾಲು. ಮನೆಯವರ ಕಣ್ಣಿಗೆ ಅದು ಬಿದ್ದ ದಿನ ಇಡೀ ಕಂಪನಿಗೆ ಸಿಹಿ ಹಂಚಿ, ಅಜ್ಜನ ಕಾಲದ ಮೊಳದುದ್ದದ ಕೆಂಪು ಬೂಟನ್ನು ಅವನ ಕಾಲಿಗೆ ತೊಡಿಸುತ್ತಿದ್ದರು. ಅಲ್ಲಿಯವರೆಗೆ ಅವನು ಬಕೆಟ್ ಹೊತ್ತು ಒದೆ ತಿನ್ನುವ ಚಿಲ್ಲರೆ ಜೋಕರ್, ಅಲ್ಲಿಂದಾಚೆಗೆ ದೊಡ್ಡ ಜೋಕರ್. ಬೂಟು ತೊಟ್ಟವರು ಕೊನೆಕೊನೆಗೆ ಮಾತು ತೊದಲಿ, ಸಣ್ಣದಕ್ಕೂ ಸಿಟ್ಟು ನೆತ್ತಿಗೇರಿ, ಗುಟುಕು ನೀರಿಗೂ ಕೆಮ್ಮಿ, ಹಾಸಿಗೆ ಹಿಡಿದು ಹೋಗುತ್ತಿದ್ದರು. “ಕಲೆ ಉಕ್ಕಿ ಹರೀತು, ಮೈ ತಡೀಲಿಲ್ಲ” ಎಂದು ಕಂಪನಿಯವರು ಟೋಪಿ ತೆಗೆಯುತ್ತಿದ್ದರು. ಅದನ್ನು ಕಾಯಿಲೆ ಎಂದವನ ಹಲ್ಲು ಉಳಿಯುತ್ತಿರಲಿಲ್ಲ.

ಮೂರನೆಯ ತಲೆಮಾರಿನಲ್ಲಿ ಅಣ್ಣತಮ್ಮಂದಿರಿಬ್ಬರು. ಅಣ್ಣನಿಗೆ ನಲವತ್ತು ತುಂಬುವ ಮೊದಲೇ ಇಳಿಯಿತು. ಚಿಕ್ಕನಿಗೆ ಇಳಿಯಲಿಲ್ಲ. ಚಿಕ್ಕ ಎಂದರೆ ತಮ್ಮ. ಕೂದಲು ನೆರೆತರೂ ಕಂಪನಿಯಲ್ಲಿ ಅವನು ಚಿಕ್ಕನೇ. ನಲವತ್ತು ಬಂತು, ಹೋಯಿತು. ಅವನ ಬೆರಳುಗಳು ಡೇರೆಯ ಗೂಟದ ಹಾಗೆ ಅಲುಗದೆ ನಿಂತಿದ್ದವು.

“ನಿನ್ನ ಕೈಗೆ ಲೋಟ ಕೊಟ್ರೆ ಒಳಗಿನ ನೀರಿಗೂ ನಿದ್ದೆ ಬರತ್ತೆ ಮೈದುನಾ,” ಎಂದು ಅತ್ತಿಗೆ ಎಲ್ಲರೆದುರು ಚುಚ್ಚುತ್ತಿದ್ದಳು.

ಚಿಕ್ಕ ಸುಮ್ಮನೆ ಕೂರುವ ಆಸಾಮಿಯಲ್ಲ. ಕುದುರೆ ಲಾಯದ ಹಿಂದೆ ನೀರಿನ ಡ್ರಮ್ಮಿನಲ್ಲಿ ತನ್ನ ಬಿಂಬ ನೋಡಿಕೊಂಡು ಅಣ್ಣನ ಒಂದೊಂದು ಕುಣಿತವನ್ನೂ ಕದ್ದು ಕಲಿತ. ಮೊದಮೊದಲು ಕುದುರೆಗಳು ನಗುತ್ತಿದ್ದವು, ಆಮೇಲೆ ಅವಕ್ಕೇ ತಲೆಸುತ್ತು ಬಂತು. ಪಳಗಿದ್ದು ಸಾಕೆನಿಸಿದ ದಿನ ಊಟದ ತಟ್ಟೆಯನ್ನು ಎತ್ತಿ ಮಾಲೀಕನ ಇಸ್ತ್ರಿ ಅಂಗಿಯ ಮೇಲೆ ಸುರಿದ. ಮಾಲೀಕ ಬೈಯಲು ಬಾಯಿ ತೆರೆದವನು, ಚಿಕ್ಕನ ಭುಜ ಕುಣಿಯುವುದನ್ನು ನೋಡಿ ಅಪ್ಪಿಕೊಂಡ. ಸಿಹಿ ಹಂಚಿದರು. ಚಿಕ್ಕನ ಅಳತೆಗೆ ಹೊಸ ಕೆಂಪು ಬೂಟು ಹೊಲಿಸಿದರು. ಅಂದಿನಿಂದ ವರ್ಷಗಟ್ಟಲೆ ಹಗಲೆಲ್ಲ ಆ ಮನುಷ್ಯ ತೂರಾಡಿದ, ನಿದ್ದೆಯಲ್ಲೂ ಅನುಮಾನ ಬಾರದಿರಲೆಂದು ಆಗಾಗ ಒಮ್ಮೆ ಒದೆಯುತ್ತಿದ್ದ. ಇಂಥ ಶ್ರದ್ಧೆಯಿಂದ ಸುಳ್ಳು ಹೇಳಿದವನನ್ನು ಲೋಕ ಹಿಂದೆ ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ.

ಎಲ್ಲ ಬಯಲಾಗಲು ಒಂದು ತುತ್ತು ಸಾಕಾಯಿತು. ಆ ತುತ್ತು ಅಣ್ಣನ ಗಂಟಲಲ್ಲಿ ಸಿಕ್ಕಿಕೊಂಡಿತು, ಮುಖ ನೀಲಿಯಾಯಿತು. ಆಸ್ಪತ್ರೆಯವರು ತುತ್ತು ತೆಗೆದು ಜೀವ ಉಳಿಸಿದರು. ಆಮೇಲೆ ನರರೋಗದ ಡಾಕ್ಟರೊಬ್ಬರು ಬಂದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಅಪ್ಪ ಹೇಗಿದ್ದರು, ಅಜ್ಜ ಹೇಗೆ ಹೋದರು ಎಂದು ಕೇಳಿದರು. ಅತ್ತಿಗೆ ಮನೆತನದ ಕೀರ್ತಿಯನ್ನೆಲ್ಲ ಕೈಬೀಸಿ ಬೀಸಿ ಹೇಳಿದಳು. ಡಾಕ್ಟರು ನಗಲಿಲ್ಲ. ರಕ್ತ ತೆಗೆಸಿದರು. ಅದರ ಫಲಿತಾಂಶ ಬಂದ ದಿನ ಅತ್ತಿಗೆ, ಚಿಕ್ಕ, ಚಿಕ್ಕನ ಮಗಳು ಮೂವರನ್ನೂ ಕೂರಿಸಿಕೊಂಡು ಬಾಗಿಲು ಹಾಕಿದರು.

“ಮೈ ಅಲ್ಲಾಡೋದಕ್ಕೆ ಲಗಾಮು ಹಿಡಿಯೋ ಜಾಗ ಒಂದು ಮೆದುಳಿನ ಆಳದಲ್ಲಿ ಇರತ್ತೆ. ಇವರಿಗೆ ಅಲ್ಲಿನ ಜೀವಕೋಶಗಳು ಸಾಯ್ತಾ ಬಂದಿವೆ. ಅದಕ್ಕೇ ಕೈಕಾಲು ಹೇಳಿದ ಮಾತು ಕೇಳ್ತಿಲ್ಲ. ಮಾತು ತೊದಲೋದು, ಸಿಟ್ಟು, ಮರೆವು, ನುಂಗೋಕೆ ಆಗದೇ ಇರೋದು, ಎಲ್ಲಾ ಅದರದ್ದೇ. ಹಂಟಿಂಗ್‌ಟನ್ ಕಾಯಿಲೆ ಅಂತಾರೆ. ನಿಮ್ಮ ಮಾವನವರಿಗೂ ಇದೇ ಇದ್ದಿರಬೇಕು, ಅವರ ತಂದೆಗೂ.”

“ಔಷಧಿ ಬರ್ಕೊಡಿ ಮತ್ತೆ,” ಎಂದಳು ಅತ್ತಿಗೆ.

“ಕುಣಿತ ಸ್ವಲ್ಪ ತಗ್ಗಿಸೋ ಮಾತ್ರೆ ಕೊಡ್ತೀನಿ. ಕಾಯಿಲೆ ನಿಲ್ಲಿಸೋ ಔಷಧಿ ಇನ್ನೂ ಇಲ್ಲ.”

“ಇಷ್ಟುದ್ದ ಹೆಸರಿಡೋಕೆ ಪುರುಸೊತ್ತಿತ್ತು, ಮದ್ದು ಹುಡುಕೋಕೆ ಇರ್ಲಿಲ್ವಾ ನಿಮ್ಮೋರಿಗೆ?”

ಡಾಕ್ಟರು ಅದನ್ನು ತಲೆತಗ್ಗಿಸಿ ಕೇಳಿಸಿಕೊಂಡರು. ಮುಂದಿನ ಮಾತನ್ನು ನಿಧಾನವಾಗಿ ಹೇಳಿದರು. “ಇದು ರಕ್ತದಲ್ಲಿ ಬರೋದು. ತಂದೆ ತಾಯಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ. ಯಾರಿಗೆ ಬಂದಿಲ್ಲವೋ ಅವರಿಂದ ಮಕ್ಕಳಿಗೆ ಹೋಗಲ್ಲ. ಅಲ್ಲಿಗೇ ಮುಗೀತು.”

ಅತ್ತಿಗೆಗೆ ಮಕ್ಕಳಿರಲಿಲ್ಲ. ಅದನ್ನು ಹೇಳಿಕೊಂಡು ಅಷ್ಟು ವರ್ಷ ಅತ್ತವಳು ಅಂದು ಮೊದಲ ಸಲ ಅದಕ್ಕಾಗಿ ಅಳಲಿಲ್ಲ. ತಾಯಿಯಿಲ್ಲದ ಮೈದುನನ ಮಗಳನ್ನು ಎತ್ತಿ ಆಡಿಸಿದವಳು ಅವಳೇ. ಈಗ ಆ ಹುಡುಗಿಯ ಕೈಯನ್ನು ತನ್ನ ತೊಡೆಯ ಮೇಲೆಳೆದು ಇಟ್ಟುಕೊಂಡಳು.

ಹುಡುಗಿಯನ್ನು ಕಂಪನಿಯಲ್ಲಿ ಮಿಡತೆ ಎನ್ನುತ್ತಿದ್ದರು. ಅವಳು ಎತ್ತರದ ಉಯ್ಯಾಲೆಯಿಂದ ಹಾರಿದರೆ ಡೇರೆಯ ಮೇಲೆ ಕೂತ ಕಾಗೆಗಳು ನಾಚಿ ನಡೆದುಕೊಂಡು ಮನೆಗೆ ಹೋಗುತ್ತಿದ್ದವು. ಎದುರಿನ ಉಯ್ಯಾಲೆಯಲ್ಲಿ ತಲೆಕೆಳಗಾಗಿ ಜೋತುಬಿದ್ದು, ಹಾರಿಬಂದ ಅವಳನ್ನು ಗಾಳಿಯಲ್ಲೇ ಹಿಡಿಯುವವನು ಇಕ್ಕಳ. ಅವನ ಹಿಡಿತಕ್ಕೆ ಸಿಕ್ಕಿದ್ದು ಜಾರಿದ ಇತಿಹಾಸವಿಲ್ಲ. ಮದುವೆಯಾಗೋಣ ಎಂದು ಅವನು ಕೇಳಿದ್ದ. ಹೂಂ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು, ದೊಡ್ಡಪ್ಪ ಆಸ್ಪತ್ರೆಯಿಂದ ಬರಲಿ ಎಂದು ಕಾದಿದ್ದಳು.

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ಮಿಡತೆ ಹೇಳಿದಳು, “ನಿಂಗೂ ಇದೆಯಲ್ಲಪ್ಪಾ. ಅಂದ್ರೆ ನಂಗೂ ಇರಬಹುದು. ಇಕ್ಕಳಂಗೆ ಬೇಡ ಅಂತ ಹೇಳಿಬಿಡ್ತೀನಿ. ನಾಳೆ ನನ್ನ ಬಾಯಿಗೆ ತುತ್ತಿಟ್ಟು ಒರೆಸ್ತಾ ಕೂರೋಕೆ ಅವನು ಏನು ಪಾಪ ಮಾಡಿದ್ದಾನೆ?”

ಆಗ ಚಿಕ್ಕನಿಗೆ ಹೊಳೆಯಿತು. ಹೊಳೆದದ್ದೇ ತಡ, ಬೆಂಚಿನ ಮೇಲೆ ಹತ್ತಿ ನಿಂತುಬಿಟ್ಟ.

“ನಂಗಿಲ್ಲ! ನಂದೆಲ್ಲ ಸುಳ್ಳು ಮಿಡತೇ! ನಾನು ಕಳ್ಳ! ಕುದುರೆ ಲಾಯದ ಹಿಂದೆ ಕಲಿತದ್ದು, ಕುದುರೆಗಳನ್ನ ಬೇಕಾದ್ರೆ ಕೇಳು! ನಂಗೆ ಯಾವತ್ತೂ ಇಳಿದೇ ಇಲ್ಲ!”

ನರ್ಸುಗಳು ಓಡಿಬಂದರು. ತಾನು ಮೋಸಗಾರನೆಂದು ಇಷ್ಟು ಸಂತೋಷದಿಂದ ಕೂಗಿದವನನ್ನು ಆ ಕಾರಿಡಾರು ಕಂಡಿರಲಿಲ್ಲ. ಅತ್ತಿಗೆ ಕೈಚೀಲದಿಂದ ಅವನ ಮೊಣಕಾಲಿಗೆ ಬಾರಿಸಿದಳು.

“ಕೈ ಕುಣಿಯತ್ತೆ ಅಂತ ಇಷ್ಟು ವರ್ಷ ನನ್ನ ಕೈಲಿ ಅಂಗಿ ಗುಂಡಿ ಹಾಕಿಸಿಕೊಂಡ್ಯಲ್ಲೋ, ನಾಚಿಕೆಗೆಟ್ಟೋನೇ!”

“ಹೊಡೀರಿ ಅತ್ತಿಗೇ, ಇನ್ನೊಂದು ಹೊಡೀರಿ! ಇಂಥ ಏಟಿಗೆ ನಾನು ಕಾಯ್ತಾ ಇದ್ದೆ!”

ಅವಳು ಹೊಡೆಯುತ್ತಲೇ ಅಳತೊಡಗಿದಳು, ಅಳುತ್ತಲೇ ನಕ್ಕಳು. ಚಿಕ್ಕ ಅಣ್ಣನ ಮಂಚದ ಬಳಿಗೆ ಓಡಿ ಅಲ್ಲೂ ಒಪ್ಪಿಸಿದ. ಅಣ್ಣ ದಿಂಬಿನ ಮೇಲೆ ತಲೆ ಹೊರಳಿಸುತ್ತ, ಒಂದೊಂದು ಶಬ್ದವನ್ನೂ ಬಾವಿಯಿಂದ ಸೇದುವವನಂತೆ ಹೇಳಿದ.

“ಗೊತ್ತಿತ್ತು. ನಿಂದು... ಎಡಗಾಲು. ಯಾವಾಗ್ಲೂ ಎಡಗಾಲೇ ಮೊದ್ಲು. ನಂದು ಯಾವ್ದು ಹೋಗತ್ತೋ... ನಂಗೇ ಗೊತ್ತಿರಲ್ಲ.”

“ಗೊತ್ತಿದ್ದೂ ಯಾಕಣ್ಣ ಹೇಳ್ಲಿಲ್ಲ?”

“ಒಬ್ನೇ... ಆಗ್ತಿದ್ದೆ.”

ಅಣ್ಣನನ್ನು ಕರೆದುಕೊಂಡು ಡೇರೆಗೆ ವಾಪಸು ಬಂದ ಮೇಲೆ ಮಿಡತೆ ಅಪ್ಪನನ್ನು ಖಾಲಿ ಕಣದಲ್ಲಿ ನಿಲ್ಲಿಸಿದಳು. ಬೆಳಗಿನ ಹೊತ್ತು. ಮರದ ಹೊಟ್ಟು ಹರಡಿದ ನೆಲ, ಮೇಲೆ ಸುತ್ತಿಟ್ಟ ಹಗ್ಗಗಳು, ಯಾರೋ ಕುರ್ಚಿಗಳನ್ನು ಒರೆಸುವ ಸದ್ದು.

“ಸುಳ್ಳಾದ್ರೆ ಬಿಟ್ಟುಬಿಡು. ಎಲ್ಲರ ಹಾಗೆ ಈ ಕಡೆಯಿಂದ ಆ ಕಡೆಗೆ ನಡಿ.”

“ಇಷ್ಟೇನಾ? ನಡೆದು ನಡೆದು ಪಕ್ಕದ ದೇಶದವರೆಗೆ ಹೋಗಿ ಬರ್ತೀನಿ.”

ನಡೆದ. ಮೊದಲು ನೆಟ್ಟಗೇ ಹೋದ. ನಡುವೆ ಭುಜ ಎದ್ದಿತು. ಅದನ್ನು ಒತ್ತಿ ಹಿಡಿದರೆ ಮೊಣಕೈ ಎದ್ದಿತು, ಅದನ್ನು ಹಿಡಿದರೆ ಸೊಂಟ ತಿರುಗಿತು.

“ಅಭ್ಯಾಸ ಮಗಳೇ. ಇಷ್ಟು ವರ್ಷ ಅನ್ನ ಹಾಕಿದ ವಿದ್ಯೆ, ಹೋಗು ಅಂದ ತಕ್ಷಣ ಹೋಗತ್ತಾ? ಬಾಡಿಗೆದಾರನಿಗೂ ಒಂದಿಷ್ಟು ಟೈಮ್ ಕೊಡಬೇಕು.”

ದಿನಾ ಬೆಳಿಗ್ಗೆ ಇದೇ ನಡೆಯಿತು. ಅವನು ಹೊಸ ಆಟಗಾರನ ಹಾಗೆ ಬೆವರು ಸುರಿಸಿ ಸುಮ್ಮನೆ ನಿಲ್ಲುವುದನ್ನು ಕಲಿಯುತ್ತಿದ್ದ. ಕಲ್ಲಿಗೆ ಹುಟ್ಟಿನಿಂದ ಬರುವ ವಿದ್ಯೆ ಅವನಿಗೆ ಬೆಟ್ಟ ಹತ್ತಿದಷ್ಟು ಕಷ್ಟವಾಯಿತು. ಸ್ಟೂಲಿನ ಮೇಲೆ ಕೂತು ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡರೆ ಬೆರಳುಗಳು ಯಾವುದೋ ವಾದ್ಯ ನುಡಿಸಿದಂತೆ ಒಂದೊಂದಾಗಿ ಏಳುತ್ತಿದ್ದವು. ಅಭ್ಯಾಸ, ಅಭ್ಯಾಸ ಎಂದು ಮಗಳಿಗೆ ಹೇಳುತ್ತಿದ್ದ. ಅವಳೂ ಹೌದೆನ್ನುತ್ತಿದ್ದಳು.

ಒಂದು ದಿನ ಅವಳು ಇಲ್ಲದಾಗ ಚಿಕ್ಕ ಕಣದಲ್ಲಿ ಒಬ್ಬನೇ ನಿಂತು, ಬೇಕೆಂದೇ ಮೈ ಸಡಿಲ ಬಿಟ್ಟ. ಕಲಿತದ್ದೇ ಆದರೆ ಎಡಗಾಲು ಹೋಗಬೇಕು. ಹೋಗಲಿ ಎಂದು ಕಾದ. ಬಲಗಾಲು ಹೋಯಿತು. ಕುದುರೆ ಲಾಯದ ಹಿಂದೆ ಅವನು ಬಲಗಾಲಿಗೆ ಏನನ್ನೂ ಕಲಿಸಿರಲಿಲ್ಲ. ಎರಡು ಕೈಯಲ್ಲೂ ಆ ತೊಡೆಯನ್ನು ಅದುಮಿ ಹಿಡಿದು ಹೊಟ್ಟಿನ ಮೇಲೆ ಕೂತುಬಿಟ್ಟ. ತೊಡೆ ಕೈಯ ಕೆಳಗೆ, ಚೀಲದೊಳಗಿನ ಬೆಕ್ಕಿನ ಹಾಗೆ ಮಿಸುಕಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಮಿಡತೆಯೇ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಮೇಜಿನ ಆಚೆ ಅದೇ ತೆಳ್ಳಗಿನ ಹೆಂಗಸು, ಗೋಡೆಯ ಮೇಲೆ ತಲೆಯೊಂದನ್ನು ಸೀಳಿ ತೋರಿಸಿದ ಚಿತ್ರ. ಚಿಕ್ಕ ತನ್ನ ಕಳ್ಳತನದ ಕಥೆಯನ್ನು ಕುದುರೆಗಳ ಸಮೇತ ಹೇಳಿದ. ಈ ಸಲ ಡಾಕ್ಟರು ನಕ್ಕರು.

“ಇಂಥ ಕೇಸು ನಾನು ನೋಡಿಲ್ಲ. ಕಲಿತದ್ದು ಯಾವುದು, ಬಂದದ್ದು ಯಾವುದು ಅಂತ ನಿಮ್ಮ ನಡಿಗೆ ನೋಡಿ ಹೇಳೋಕೆ ನಂಗಾಗಲ್ಲ. ರಕ್ತ ಕೊಡಿ, ಅದು ಹೇಳತ್ತೆ.”

“ರಕ್ತ ಯಾಕೆ ಡಾಕ್ಟ್ರೇ? ನನ್ನ ಸುಳ್ಳು ನಂಗೆ ಗೊತ್ತಿಲ್ವಾ?”

“ಬಲವಂತ ಇಲ್ಲ. ಹಾಗಿದ್ರೆ ನಾಲಿಗೆ ಹೊರಗೆ ಚಾಚಿ. ನಾನು ಹೇಳೋವರೆಗೂ ಒಳಗೆ ತಗೋಬೇಡಿ.”

ಚಿಕ್ಕ ಚಾಚಿದ. ಆ ನಾಲಿಗೆ ಸಾಮಾನ್ಯದ್ದಲ್ಲ. ಮಾಲೀಕನ ಹತ್ತಿರ ಮುಂಗಡ ವಸೂಲಿ ಮಾಡಿದ, ಪೊಲೀಸರಿಗೆ ಬುದ್ಧಿ ಹೇಳಿದ, ಎಂಥ ಸಭೆಯಲ್ಲೂ ಸೋತು ಬಾಯೊಳಗೆ ಸೇರದ ನಾಲಿಗೆ. ಅದು ಹೊರಗೆ ಬಂದು, ಹಲ್ಲಿಯ ನಾಲಿಗೆಯ ಹಾಗೆ ಸರ್ರನೆ ಒಳಗೆ ಹೋಯಿತು. ಮತ್ತೆ ಚಾಚಿದ. ಹೋಯಿತು. ಮೂರನೆಯ ಸಲ ಹಲ್ಲಿನಿಂದ ಕಚ್ಚಿ ಹಿಡಿಯಲು ಹೋದ. ಅದು ನುಣುಚಿಕೊಂಡಿತು.

ಡಾಕ್ಟರು ಪೆನ್ನು ಕೆಳಗಿಟ್ಟರು.

“ಆಟದಲ್ಲಿ ಇದೂ ಇತ್ತಾ? ನಾಲಿಗೆಯದ್ದು?” ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

ಆಟದಲ್ಲಿ ಕೈಯಿತ್ತು, ಕಾಲಿತ್ತು, ಕತ್ತು, ಸೊಂಟ, ಹುಬ್ಬು, ಕಿವಿ ಕೂಡ ಇತ್ತು. ನಾಲಿಗೆ ಇರಲಿಲ್ಲ. ಅಣ್ಣನ ಬಾಯೊಳಗೆ ಏನಾಗುತ್ತಿದೆಯೆಂದು ಇಣುಕಿ ಕದಿಯುವುದು ಚಿಕ್ಕನಿಗೆ ಹೊಳೆದೇ ಇರಲಿಲ್ಲ.

“ಇತ್ತು. ಅದೇ ನನ್ನ ದೊಡ್ಡ ಐಟಂ!” ಎಂದ ಚಿಕ್ಕ.

ಡಾಕ್ಟರು ಮಿಡತೆಯ ಕಡೆ ತಿರುಗಿದರು. ತೊಟ್ಟಿಲಿನಲ್ಲಿದ್ದಾಗಿನಿಂದ ಅಪ್ಪನ ಆಟ ನೋಡಿ ಬೆಳೆದವಳು ಅವಳು, ಅವನು ಮರೆತದ್ದನ್ನೂ ನೆನಪಿಸಬಲ್ಲವಳು. ಚಿಕ್ಕ ಅವಳ ಮುಖ ನೋಡಲಿಲ್ಲ.

“ಹೌದು ಡಾಕ್ಟ್ರೇ, ಅದೂ ಆಟಾನೇ,” ಎಂದಳು ಮಿಡತೆ.

ಇಡೀ ಲೋಕವನ್ನು ನಂಬಿಸಿದ ಚಿಕ್ಕನಿಗೆ ಆ ಒಂದು ವಾಕ್ಯವನ್ನು ನಂಬಲಾಗಲಿಲ್ಲ. ಅವಳಿಗೆ ಗೊತ್ತು. ತನಗೆ ಗೊತ್ತೆಂದು ಅಪ್ಪನಿಗೆ ಗೊತ್ತೆಂಬುದೂ ಗೊತ್ತು. ಆದರೂ, ಆ ಕೋಣೆಯಲ್ಲಿ ಅಪ್ಪ ಒಬ್ಬನೇ ಆಗಬಾರದೆಂದು, ಸುಳ್ಳಿನ ಒಂದು ತುದಿಯನ್ನು ತಾನೂ ಹಿಡಿದಳು.

ವಾಪಸು ಬರುವ ಬಸ್ಸಿನಲ್ಲಿ ಚಿಕ್ಕ ಕಿಟಕಿಯ ಗಾಜಿಗೆ ಮುಖವಿಟ್ಟು ನಾಲಿಗೆ ಚಾಚಿದ, ಎಳೆದುಕೊಂಡ, ಚಾಚಿದ. ಎದುರು ಸೀಟಿನ ಮುದುಕಿ ತನ್ನನ್ನೇ ಅಣಕಿಸುತ್ತಿದ್ದಾನೆಂದು ಇಳಿಯುವ ತನಕ ಬೈದಳು. ಅವನ ತಲೆಯಲ್ಲಿ ಓಡುತ್ತಿದ್ದ ಯೋಚನೆ ಬೇರೆ. ಇಂದಿನ ಆಟದಲ್ಲಿ ನಾಲಿಗೆಯನ್ನು ಸೇರಿಸಿಬಿಡಬೇಕು. ಸೇರಿಸಿದರೆ ಅದು ಆಟವಾಯಿತು. ಆಟವಾದದ್ದು ಕಾಯಿಲೆ ಹೇಗಾಗುತ್ತದೆ?

ಕಾಯಿಲೆಯ ವಿಷಯವನ್ನೆಲ್ಲ ಮಿಡತೆಯಿಂದ ಕೇಳಿದ್ದ ಇಕ್ಕಳ ಗೇಟಿನ ಹತ್ತಿರ ಪೆಟ್ಟಿಗೆಯೊಂದರ ಮೇಲೆ ಕಾದು ಕೂತಿದ್ದ. “ಏನಂದ್ರು ಮಾವಾ?”

“ಏನಂತಾರೆ! ಇಂಥ ಗಟ್ಟಿ ಮನುಷ್ಯನ್ನ ನೋಡೇ ಇಲ್ಲ ಅಂತ ಡಾಕ್ಟ್ರು ಎದ್ದು ನಿಂತು ಕೈ ಮುಗಿದ್ರು. ನಂದೆಲ್ಲ ಬರೀ ಆಟ ಕಣಪ್ಪ. ನನ್ನ ರಕ್ತ ಗಂಗಾಜಲದಷ್ಟು ಸ್ವಚ್ಛ.”

ಇಕ್ಕಳ ಮಿಡತೆಯನ್ನು ನೋಡಿದ. ಅವನ ಮುಖವಿಡೀ ಬೆಳಗಿತ್ತು. ಅವಳು ಆಟಕ್ಕೆ ಬಟ್ಟೆ ಬದಲಿಸಬೇಕೆಂದು ಒಳಗೆ ಹೋದಳು.

ಅಂದಿನ ಸಂಜೆಯ ಆಟದಲ್ಲಿ ಚಿಕ್ಕ ಕೆಂಪು ಬೂಟು ತೊಟ್ಟು ಕಣದ ನಡುವೆ ನಿಂತು ನಾಲಿಗೆ ಚಾಚಿದ. ಅದು ಒಳಗೆ ಓಡಿತು. ಬೆರಳು ತೋರಿಸಿ ಗದರಿಸಿದ, ಹೊರಗೆ ಬಂದು ಮತ್ತೆ ಓಡಿತು. ಜೇಬಿನಿಂದ ಬಟ್ಟೆ ಒಣಗಿಸುವ ಕ್ಲಿಪ್ ತೆಗೆದು ಅದನ್ನು ಹಿಡಿಯಹೋದ. ಜನ ನಕ್ಕ ನಗುವಿಗೆ ಡೇರೆಯ ಕಂಬಗಳು ನೆಲದಿಂದ ಒಂದು ಗೇಣು ಮೇಲೆದ್ದು ಕೂತವು. ಅಜ್ಜನಿಗೂ ಅಪ್ಪನಿಗೂ ಅಣ್ಣನಿಗೂ ಸಿಗದ ನಗು. ತೆರೆಯ ಹಿಂದೆ ತಮ್ಮ ಸರದಿಗೆ ಕಾದು ನಿಂತಿದ್ದ ಇಕ್ಕಳ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದ. ಚಿಕ್ಕ ಒಳಗೆ ಬಂದದ್ದೇ ಇಕ್ಕಳ ಎದ್ದು ಅವನ ಬೆನ್ನು ತಟ್ಟಿದ.

“ಅಬ್ಬಾ ಮಾವಾ! ಇದು ಹೊಸದಲ್ವಾ? ಇಷ್ಟು ವರ್ಷದಲ್ಲಿ ಒಂದು ಸಲಾನೂ ನೋಡಿರ್ಲಿಲ್ಲ! ಯಾವಾಗ ಶುರು ಮಾಡಿದ್ರಿ?”

ಚಿಕ್ಕ ಬಗ್ಗಿ ಬೂಟು ಬಿಚ್ಚತೊಡಗಿದ. ಪಕ್ಕದಲ್ಲಿ ಮಿಡತೆ ಅಂಗೈಗೆ ಪುಡಿ ಹಚ್ಚಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

“ಹೊಸದು. ಇವತ್ತು ಡಾಕ್ಟ್ರ ಮುಂದೆ ಶುರುವಾಯ್ತು. ಅದು ಆಟ ಅಲ್ಲ. ಅಪ್ಪಂಗೆ ಬಂದಿದೆ.”

ಇಕ್ಕಳನ ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು.

“ಬಂದ್ರೇನಾಯ್ತು? ನಿಂಗೆ ಬಂದಿಲ್ವಲ್ಲ,” ಎಂದ.

“ಗೊತ್ತಿಲ್ಲ. ರಕ್ತ ಕೊಡದಿದ್ರೆ, ಅದು ಇಳಿಯೋ ತನಕ ಗೊತ್ತಾಗಲ್ಲ. ಅಲ್ಲೀತನಕ ನೀನು ನನ್ನ ಕೈ ಹಿಡಿದಾಗೆಲ್ಲ, ಇವತ್ತು ನಡುಗಿತಾ, ಇವತ್ತು ನಡುಗಿತಾ ಅಂತ ನೋಡ್ತೀಯ. ನಾನೂ ನಿನ್ನ ಮುಖಾನೇ ನೋಡ್ತೀನಿ. ಅದು ಬೇಡ. ಬೇರೆ ಯಾರನ್ನಾದ್ರೂ ನೋಡ್ಕೋ.”

ಬ್ಯಾಂಡಿನವರು ಅವರ ಹಾಡು ಎತ್ತಿಕೊಂಡರು. ಇಬ್ಬರೂ ಹೋಗಿ ಏಣಿ ಹತ್ತಿದರು. ಅವಳು ಹಾರಿದಳು, ಅವನು ಹಿಡಿದ. ಜನ ಚಪ್ಪಾಳೆ ತಟ್ಟಿದರು. ಇಳಿದು ಬಂದ ಮೇಲೆ ಇಕ್ಕಳ ಅವಳ ಕಡೆಗೆ ಬಾರದೆ ಬಲೆ ಬಿಚ್ಚುವವರ ಜೊತೆ ಸೇರಿಕೊಂಡ. ಅಷ್ಟು ಹೊತ್ತು ಒಂದು ಬಲೆ ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ.

ಚಿಕ್ಕ ಬೂಟು ಕೈಯಲ್ಲಿ ಹಿಡಿದು ಮಗಳ ಹಿಂದೆ ಡೇರೆಯ ಹೊರಗೆ ಬಂದ. ಅವನ ಮುಖದ ಬಣ್ಣ ಅರ್ಧ ಅಳಿಸಿತ್ತು.

“ನಾಳೆ ರಕ್ತ ಕೊಡ್ತೀನಿ ಮಗಳೇ. ನಾಲಿಗೆದೇನು ಮಹಾ, ಮುಪ್ಪಿಗೂ ಹಾಗಾಗತ್ತೆ. ರಕ್ತದಲ್ಲಿ ಇಲ್ಲ ಅಂತ ಬಂದ್ರೆ ಇಕ್ಕಳಂಗೆ ನಾನೇ ಹೇಳ್ತೀನಿ. ಕಾಲಿಗೆ ಬೀಳ್ತೀನಿ.”

“ನಿಂದು ಯಾಕಪ್ಪಾ ಇನ್ನು? ಕೊಟ್ರೆ ನಂದು ಕೊಡಬೇಕು.”

“ಕೊಡಬೇಡ. ನೀನು ಕೊಡಬೇಡ ಮಗಳೇ. ಕೊಟ್ರೂ ನಂಗೆ ಹೇಳಬೇಡ. ನಾನು ತಂದು ಕೊಟ್ಟದ್ದು ಇದು ಅಂತ... ನಿನ್ನ ಬಾಯಿಂದ ಕೇಳೋಕೆ ಆಗಲ್ಲ.”

ಅವಳು ಅವನ ಮುಖದ ಉಳಿದ ಬಣ್ಣವನ್ನು ಅಂಗೈಯಿಂದ ಒರೆಸಿದಳು.

“ಹೇಳಲ್ಲ ಬಿಡು,” ಎಂದಳು. “ಬಾ, ದೊಡ್ಡಪ್ಪಂಗೆ ಊಟ ಮಾಡಿಸೋ ಹೊತ್ತಾಯ್ತು. ದೊಡ್ಡಮ್ಮ ಒಬ್ಳೇ ಕಷ್ಟ ಪಡ್ತಿರ್ತಾಳೆ.”

ಅವಳು ಮುಂದೆ, ಅವನು ಹಿಂದೆ. ಡೇರೆಯನ್ನು ನೆಲಕ್ಕೆ ಬಿಗಿದ ಹಗ್ಗಗಳ ನಡುವೆ ಹಾದು ಹೋಗಬೇಕಿತ್ತು. ಅದರಲ್ಲೊಂದಕ್ಕೆ ಮಿಡತೆಯ ಕಾಲು ಸಿಕ್ಕಿ ಅವಳು ಮುಗ್ಗರಿಸಿದಳು. ಬೀಳಲಿಲ್ಲ, ಒಂದು ಹೆಜ್ಜೆ ವಾಲಿ ಸರಿಯಾದಳು. ಆ ಹಗ್ಗಕ್ಕೆ ಎಡವದವರು ಕಂಪನಿಯಲ್ಲಿ ಯಾರೂ ಇಲ್ಲ. ಮಾಲೀಕ ಎಡವುತ್ತಾನೆ, ಅಡುಗೆಯವನು ದಿನಾ ಎಡವಿ ದಿನಾ ಬೈಯುತ್ತಾನೆ, ಕುದುರೆಗಳೂ ಎಡವುತ್ತವೆ.

ಇಬ್ಬರೂ ನಿಂತರು. ಅವಳು ತನ್ನ ಕಾಲನ್ನು ನೋಡಿಕೊಂಡಳು. ಅವನೂ ಅದನ್ನೇ ನೋಡಿದ. ಹಗ್ಗವಿತ್ತು ಎಂದು ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ.